ಸಣ್ಣ ಕಾರುಗಳ ಸ್ಟಿಯರಿಂಗ್ ನಕಲ್ ಮತ್ತು ಚಕ್ರದ ಹಬ್ ಬದಲಾವಣೆ

ಸ್ಟಿಯರಿಂಗ್ ನಕಲ್ ಮತ್ತು ಚಕ್ರದ ಹಬ್ ಬದಲಾವಣೆ ಎಂಬುದು ಕಾರಿನ ಮುಂಚಕ್ರವನ್ನು ಹೊತ್ತು ಅದನ್ನು ಎಡಬಲಕ್ಕೆ ತಿರುಗಿಸುವ ಭಾಗಗಳನ್ನು ಕಳಚಿ, ಅವುಗಳ ಸ್ಥಾನದಲ್ಲಿ ಹೊಸ ಅಥವಾ ಬಳಸಿದ ಭಾಗಗಳನ್ನು ಜೋಡಿಸುವ ದುರಸ್ತಿ ಕಾರ್ಯವಾಗಿದೆ. ಅದೇ ಮಾದರಿಯ ಭಾಗವನ್ನು ಹಾಕುವುದು ಸಾಮಾನ್ಯ ದುರಸ್ತಿ. ಬೇರೆ ಮಾದರಿಯ ಕಾರಿನ ಭಾಗವನ್ನು ಹೊಂದಿಸಿ ಹಾಕುವುದು ಅದಲುಬದಲು. ಎರಡರಲ್ಲಿಯೂ ಬಿಚ್ಚುವ ಕ್ರಮ ಒಂದೇ ಆಗಿದ್ದರೂ ಅಪಾಯದ ಪ್ರಮಾಣ ಒಂದೇ ಅಲ್ಲ. ಎಂಜಿನ್ ಕೆಟ್ಟರೆ ಕಾರು ನಿಲ್ಲುತ್ತದೆ. ನಕಲ್ ಅಥವಾ ಹಬ್ ಮುರಿದರೆ ಕಾರು ಓಡುತ್ತಿರುವಾಗಲೇ ಚಕ್ರವು ಚಾಲಕನ ಹಿಡಿತದಿಂದ ತಪ್ಪಿಹೋಗುತ್ತದೆ.

ಕರ್ನಾಟಕದಲ್ಲಿ ಮಾರುತಿ 800, ಆಲ್ಟೊ, ಓಮ್ನಿ ಮೊದಲಾದ ಸಣ್ಣ ವಾಹನಗಳ ದೀರ್ಘ ಬಳಕೆಯಿಂದಾಗಿ ಈ ಕೆಲಸವು ಮುಳಬಾಗಿಲು, ಶ್ರೀನಿವಾಸಪುರ, ಮಾಲೂರಿನಂತಹ ತಾಲ್ಲೂಕು ಕೇಂದ್ರಗಳ ಗ್ಯಾರೇಜುಗಳಿಗೂ ಪರಿಚಿತವಾದುದು.

ಹಿನ್ನೆಲೆ

ಕುದುರೆಗಾಡಿಗಳ ಕಾಲದಲ್ಲಿ ಮುಂದಿನ ಅಚ್ಚು ಇಡಿಯಾಗಿ ಒಂದು ನಡುಗೂಟದ ಮೇಲೆ ತಿರುಗುತ್ತಿತ್ತು. ಅಚ್ಚನ್ನು ಸ್ಥಿರವಾಗಿಟ್ಟು ಅದರ ಎರಡು ತುದಿಗಳಲ್ಲಿ ಚಕ್ರಗಳು ಮಾತ್ರ ತಿರುಗುವ ಏರ್ಪಾಡನ್ನು ಮ್ಯೂನಿಕ್‌ನ ಗಾಡಿ ತಯಾರಕ ಜಾರ್ಜ್ ಲ್ಯಾಂಕೆನ್‌ಸ್ಪರ್ಗರ್ ರೂಪಿಸಿದನು. ಅವನ ಪರವಾಗಿ ರುಡಾಲ್ಫ್ ಆಕರ್‌ಮನ್ 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದುದರಿಂದ ಈ ರಚನೆಗೆ ಆಕರ್‌ಮನ್ ಜ್ಯಾಮಿತಿ ಎಂಬ ಹೆಸರು ಉಳಿಯಿತು. ತಿರುವಿನಲ್ಲಿ ಒಳಬದಿಯ ಚಕ್ರವು ಹೊರಬದಿಯ ಚಕ್ರಕ್ಕಿಂತ ಸಣ್ಣ ವೃತ್ತದಲ್ಲಿ ಸಾಗುವುದರಿಂದ ಅದು ಹೆಚ್ಚು ತಿರುಗಬೇಕು ಎಂಬುದು ಇದರ ಸಾರ. ನಕಲಿನಿಂದ ಚಾಚಿಕೊಂಡಿರುವ ಸ್ಟಿಯರಿಂಗ್ ತೋಳಿನ ಉದ್ದ ಮತ್ತು ಕೋನಗಳು ಈ ವ್ಯತ್ಯಾಸವನ್ನು ನಿರ್ಧರಿಸುತ್ತವೆ.

ಇಂದಿನ ಸಣ್ಣ ಕಾರುಗಳ ಮುಂಭಾಗದಲ್ಲಿ ಸಾಮಾನ್ಯವಾಗಿ ಕಾಣುವುದು ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್‌ನ ಹೆಸರಿನ ಸ್ಟ್ರಟ್ ವ್ಯವಸ್ಥೆ. ಇದರಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಕೂಡಿದ ಒಂದು ಕಂಬವು ನಕಲಿನ ಮೇಲ್ತುದಿಯನ್ನು ಹಿಡಿದರೆ, ಕೆಳಗಿನ ತೋಳು ಬಾಲ್ ಜಾಯಿಂಟ್ ಮೂಲಕ ಕೆಳತುದಿಯನ್ನು ಹಿಡಿಯುತ್ತದೆ. ಜಾಗ ಕಡಿಮೆ ಸಾಕಾಗುವುದರಿಂದ ಎಂಜಿನ್ನು ಅಡ್ಡಲಾಗಿ ಕುಳಿತಿರುವ ಮುಂಚಕ್ರ ಚಾಲನೆಯ ಕಾರುಗಳಿಗೆ ಇದು ಅನುಕೂಲಕರವಾಯಿತು.

ಭಾರತದಲ್ಲಿ 1983ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಮಾರುತಿ 800 ಈ ಬಗೆಯ ರಚನೆಯನ್ನು ಜನಸಾಮಾನ್ಯರ ಬಳಿಗೆ ತಂದಿತು. 796 ಸಿ.ಸಿ. ಸಾಮರ್ಥ್ಯದ ಮೂರು ಸಿಲಿಂಡರುಗಳ ಎಂಜಿನ್ ಹೊಂದಿದ್ದ ಈ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಅದಕ್ಕೂ ಮೊದಲು ರಸ್ತೆಯಲ್ಲಿದ್ದ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳು ಹಿಂಚಕ್ರ ಚಾಲನೆಯವು. ಅವುಗಳ ಮುಂಚಕ್ರಗಳಿಗೆ ಎಂಜಿನ್ನಿನ ಬಲ ತಲುಪುತ್ತಿರಲಿಲ್ಲ. ಮಾರುತಿ 800ರಲ್ಲಿ ಮುಂಚಕ್ರವೇ ತಿರುಗಬೇಕು, ಎಳೆಯಬೇಕು ಮತ್ತು ಬ್ರೇಕಿನ ಹೆಚ್ಚಿನ ಪಾಲನ್ನೂ ಹೊರಬೇಕು. ಹೀಗಾಗಿ ಅದರ ನಕಲ್ ಮತ್ತು ಹಬ್‌ಗಳ ಮೇಲಿನ ಹೊರೆ ಬಗೆಬಗೆಯದಾಯಿತು.

ಮುಳಬಾಗಿಲು ಪ್ರದೇಶದ ಸನ್ನಿವೇಶ

ಮೂಡಲ ಬಾಗಿಲು ಎಂಬ ಅರ್ಥದ ಹೆಸರನ್ನು ಹೊತ್ತ ಮುಳಬಾಗಿಲು ಕೋಲಾರ ಜಿಲ್ಲೆಯ ಪೂರ್ವದಂಚಿನಲ್ಲಿದೆ. ಬೆಂಗಳೂರಿನಿಂದ ಕೋಲಾರದ ಮೂಲಕ ಬರುವ ರಾಷ್ಟ್ರೀಯ ಹೆದ್ದಾರಿ 75 ಮುಳಬಾಗಿಲನ್ನು ದಾಟಿ, ನಂಗಲಿಯ ಬಳಿ ಆಂಧ್ರಪ್ರದೇಶದ ಗಡಿಯನ್ನು ಸೇರುತ್ತದೆ. ಈ ರಸ್ತೆಯು ಹಿಂದೆ ರಾಷ್ಟ್ರೀಯ ಹೆದ್ದಾರಿ 4ರ ಭಾಗವಾಗಿತ್ತು. ಹೆದ್ದಾರಿಯಲ್ಲಿ ವಾಹನಗಳು ವೇಗವಾಗಿ ಸಾಗಿದರೆ, ಅದರಿಂದ ಕವಲೊಡೆದ ಹಳ್ಳಿಯ ದಾರಿಗಳಲ್ಲಿ ಗುಂಡಿ, ಜಲ್ಲಿ ಮತ್ತು ರಸ್ತೆಯುಬ್ಬುಗಳು ಎದುರಾಗುತ್ತವೆ. ಕೋಲಾರದ ಟೊಮೆಟೊ ಮಾರುಕಟ್ಟೆಗೂ ಶ್ರೀನಿವಾಸಪುರದ ಮಾವಿನ ಮಂಡಿಗಳಿಗೂ ಸರಕು ಸಾಗಿಸುವಾಗ ಸಣ್ಣ ವಾಹನಗಳು ಮಿತಿಗಿಂತ ಹೆಚ್ಚು ಭಾರ ಹೊರುವುದೂ ಉಂಟು.

ಹಬ್‌ನ ಬೇರಿಂಗ್ ಎಷ್ಟು ದುಡಿಯುತ್ತದೆ ಎಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಮಾರುತಿ 800ರ 145/70 ಆರ್12 ಅಳತೆಯ ಟೈರಿನ ಹೊರವ್ಯಾಸ ಸುಮಾರು 508 ಮಿ.ಮೀ., ಸುತ್ತಳತೆ ಸುಮಾರು 1.6 ಮೀಟರ್. ಆದುದರಿಂದ ಒಂದು ಕಿಲೋಮೀಟರಿಗೆ ಚಕ್ರವು ಸುಮಾರು 627 ಸುತ್ತು ತಿರುಗುತ್ತದೆ. ಮುಳಬಾಗಿಲಿನಿಂದ ಬೆಂಗಳೂರಿಗಿರುವ ಸುಮಾರು 95 ಕಿ.ಮೀ. ದಾರಿಯಲ್ಲಿ ಪ್ರತಿ ಬೇರಿಂಗ್ ಸುಮಾರು 60,000 ಸುತ್ತು ತಿರುಗಿರುತ್ತದೆ. ನೀರು ಅಥವಾ ಧೂಳು ಒಳಸೇರಿ ಗ್ರೀಸ್ ಕೆಟ್ಟಿದ್ದರೆ ಒಂದೇ ಪ್ರಯಾಣದಲ್ಲಿ ಸವೆತವು ಗಮನಾರ್ಹವಾಗಿ ಹೆಚ್ಚಬಲ್ಲದು.

ರಚನೆ

ನಕಲ್ ಎಂಬುದು ಎರಕ ಹೊಯ್ದ ಕಬ್ಬಿಣ, ಬಡಿದು ರೂಪಿಸಿದ ಉಕ್ಕು ಅಥವಾ ಕೆಲವು ಹೊಸ ಕಾರುಗಳಲ್ಲಿ ಅಲ್ಯೂಮಿನಿಯಂನಿಂದ ಮಾಡಿದ ತುಂಡು. ಇದಕ್ಕೆ ಐದು ಕಡೆಯ ಸಂಪರ್ಕಗಳಿವೆ: ಮೇಲೆ ಸ್ಟ್ರಟ್, ಕೆಳಗೆ ಬಾಲ್ ಜಾಯಿಂಟ್, ಪಕ್ಕದಲ್ಲಿ ಟೈ ರಾಡ್ ಎಂಡ್, ಹಿಂದೆ ಅಥವಾ ಮುಂದೆ ಬ್ರೇಕ್ ಕ್ಯಾಲಿಪರ್, ನಡುವಿನ ರಂಧ್ರದಲ್ಲಿ ಬೇರಿಂಗ್. ಬೇರಿಂಗ್‌ನೊಳಗೆ ಹಬ್ ಕೂರುತ್ತದೆ. ಹಬ್‌ನ ಹೊರಮುಖಕ್ಕೆ ಬ್ರೇಕ್ ಡಿಸ್ಕ್ ಮತ್ತು ಚಕ್ರ ಜೋಡಣೆಯಾಗುತ್ತವೆ. ಒಳಗಿನ ಹಲ್ಲುಗಳಿಗೆ ಡ್ರೈವ್ ಶಾಫ್ಟ್ ಸೇರುತ್ತದೆ. ಇಡೀ ಜೋಡಣೆಯನ್ನು ಶಾಫ್ಟಿನ ತುದಿಯ ದೊಡ್ಡ ನಟ್ಟು ಬಿಗಿಹಿಡಿಯುತ್ತದೆ.

ಬೇರಿಂಗ್‌ಗಳನ್ನು ಮೂರು ಪೀಳಿಗೆಗಳಾಗಿ ವಿಂಗಡಿಸುವ ರೂಢಿಯಿದೆ. ಮೊದಲನೆಯದರಲ್ಲಿ ಬೇರಿಂಗನ್ನು ನಕಲಿನೊಳಕ್ಕೆ ಪ್ರೆಸ್‌ನಿಂದ ಒತ್ತಿ, ಹಬ್ಬನ್ನು ಬೇರಿಂಗ್‌ನೊಳಕ್ಕೆ ಒತ್ತಲಾಗುತ್ತದೆ. ಎರಡನೆಯದರಲ್ಲಿ ಒಂದು ಬದಿಯ ಅಂಚುಪಟ್ಟಿ ಬೇರಿಂಗ್‌ನೊಂದಿಗೇ ಬರುತ್ತದೆ. ಮೂರನೆಯದರಲ್ಲಿ ಹಬ್ ಮತ್ತು ಬೇರಿಂಗ್ ಒಂದೇ ಘಟಕವಾಗಿದ್ದು, ನಕಲಿಗೆ ಬೋಲ್ಟುಗಳಿಂದ ಜೋಡಣೆಯಾಗುತ್ತವೆ. ಭಾರತದ ಹಳೆಯ ಸಣ್ಣ ಕಾರುಗಳಲ್ಲಿ ಮೊದಲ ಬಗೆಯೇ ಹೆಚ್ಚು. ಆದುದರಿಂದ ಪ್ರೆಸ್ ಯಂತ್ರವಿಲ್ಲದ ಗ್ಯಾರೇಜಿನಲ್ಲಿ ಕಳಚಿದ ನಕಲನ್ನು ಲೇತ್ ಅಂಗಡಿಗೆ ಒಯ್ದು ಬೇರಿಂಗ್ ಹಾಕಿಸಿಕೊಂಡು ಬರುವುದು ವಾಡಿಕೆ.

ಸವೆತದ ಲಕ್ಷಣಗಳು

ಬೇರಿಂಗ್ ಸವೆದಾಗ ವೇಗದೊಂದಿಗೆ ಏರುವ ಗುಂಯ್‌ಗುಡುವ ಸದ್ದು ಕೇಳಿಸುತ್ತದೆ. ಟೈರಿನ ಸದ್ದಿನಿಂದ ಇದನ್ನು ಬೇರ್ಪಡಿಸಲು ತಿರುವು ನೆರವಾಗುತ್ತದೆ. ಕಾರು ಬಲಕ್ಕೆ ತಿರುಗಿದಾಗ ಭಾರವು ಎಡಚಕ್ರದ ಮೇಲೆ ವಾಲುತ್ತದೆ. ಆಗ ಸದ್ದು ಹೆಚ್ಚಾದರೆ ಎಡಗಡೆಯ ಬೇರಿಂಗ್ ಸವೆದಿರುವ ಸಾಧ್ಯತೆ ಹೆಚ್ಚು.

ಚಕ್ರವನ್ನು ನೆಲದಿಂದ ಎತ್ತಿ ಕೈಯಿಂದ ಅಲುಗಾಡಿಸುವುದು ಎರಡನೆಯ ಪರೀಕ್ಷೆ. ಚಕ್ರವನ್ನು ಗಡಿಯಾರದ ಮುಖವೆಂದು ಭಾವಿಸಿ 12 ಮತ್ತು 6ರ ಸ್ಥಾನಗಳಲ್ಲಿ ಹಿಡಿದು ಅಲುಗಾಡಿಸಿದಾಗ ಸಡಿಲ ಕಂಡರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಸವೆದಿರುತ್ತದೆ. 3 ಮತ್ತು 9ರ ಸ್ಥಾನಗಳಲ್ಲಿ ಮಾತ್ರ ಸಡಿಲ ಕಂಡರೆ ಟೈ ರಾಡ್ ಎಂಡ್ ಅಥವಾ ಸ್ಟಿಯರಿಂಗ್ ರ‍್ಯಾಕ್‌ನ ದೋಷವನ್ನು ಶಂಕಿಸಬೇಕು. ಸಹಾಯಕನೊಬ್ಬನು ಬ್ರೇಕ್ ಒತ್ತಿ ಹಿಡಿದಾಗ ಸಡಿಲವು ಮಾಯವಾದರೆ ದೋಷವು ಬೇರಿಂಗ್‌ನಲ್ಲಿದೆ; ಹಾಗೆಯೇ ಉಳಿದರೆ ಬಾಲ್ ಜಾಯಿಂಟ್‌ನಲ್ಲಿದೆ. ಬ್ರೇಕ್ ಒತ್ತಿದಾಗ ಡಿಸ್ಕ್ ಮತ್ತು ನಕಲ್ ಒಂದಾಗಿ ಬಿಗಿಯಾಗುವುದೇ ಇದಕ್ಕೆ ಕಾರಣ.

ಬಿಚ್ಚುವ ಮತ್ತು ಜೋಡಿಸುವ ಕ್ರಮ

ಕೆಲಸದ ಕ್ರಮವು ಮಾದರಿಯಿಂದ ಮಾದರಿಗೆ ಸ್ವಲ್ಪ ಬದಲಾಗುತ್ತದೆಯಾದರೂ ಸ್ಥೂಲವಾಗಿ ಹೀಗಿರುತ್ತದೆ.

1. ಕಾರು ಸಮತಟ್ಟಾದ ನೆಲದಲ್ಲಿ ನಿಂತಿರುವಾಗಲೇ, ಬ್ರೇಕ್ ಒತ್ತಿ ಹಿಡಿದು ಡ್ರೈವ್ ಶಾಫ್ಟಿನ ನಟ್ಟನ್ನು ಸಡಿಲಿಸಲಾಗುತ್ತದೆ. ಇದರ ಬಿಗಿತ ಹಲವು ಸಣ್ಣ ಕಾರುಗಳಲ್ಲಿ 150ರಿಂದ 250 ನ್ಯೂಟನ್ ಮೀಟರ್‌ಗಳಷ್ಟಿರುತ್ತದೆ. ಜ್ಯಾಕ್ ಮೇಲೆ ನಿಂತ ಕಾರಿನಲ್ಲಿ ಉದ್ದನೆಯ ಪೈಪು ಹಾಕಿ ಇದನ್ನು ಎಳೆಯುವುದು ಕಾರು ಉರುಳಿ ಬೀಳಲು ಕಾರಣವಾಗಬಹುದು.

2. ಹಿಂಚಕ್ರಗಳಿಗೆ ಅಡ್ಡಗಲ್ಲು ಅಥವಾ ಮರದ ತುಂಡು ಕೊಟ್ಟು, ಮುಂಭಾಗವನ್ನು ಎತ್ತಿ, ಕಾರಿನ ಗಟ್ಟಿಯಾದ ಭಾಗದ ಕೆಳಗೆ ಸ್ಟ್ಯಾಂಡ್ ಇರಿಸಲಾಗುತ್ತದೆ. ಜ್ಯಾಕ್ ಎತ್ತುವ ಸಾಧನವೇ ಹೊರತು ಭಾರ ಹೊತ್ತು ನಿಲ್ಲುವ ಸಾಧನವಲ್ಲ.

3. ಚಕ್ರ ತೆಗೆದ ನಂತರ ಕ್ಯಾಲಿಪರನ್ನು ಬಿಚ್ಚಿ, ತಂತಿಯಿಂದ ಸ್ಪ್ರಿಂಗಿಗೆ ತೂಗುಹಾಕಲಾಗುತ್ತದೆ. ಅದು ಬ್ರೇಕಿನ ರಬ್ಬರ್ ಕೊಳವೆಯ ಮೇಲೆ ಜೋತಾಡಿದರೆ ಕೊಳವೆಯು ಹೊರಗೆ ಕಾಣದಂತೆ ಒಳಗೆ ಹರಿಯಬಹುದು.

4. ಟೈ ರಾಡ್ ಎಂಡ್ ಮತ್ತು ಬಾಲ್ ಜಾಯಿಂಟ್‌ಗಳನ್ನು ಪುಲ್ಲರ್‌ನಿಂದ ಬೇರ್ಪಡಿಸಲಾಗುತ್ತದೆ. ಇವು ಕ್ರಮೇಣ ಕಿರಿದಾಗುವ ಮೊನೆಯಿಂದ ತೂತಿನೊಳಗೆ ಬಿಗಿಯಾಗಿರುತ್ತವೆ. ಮೊನೆಯ ಮರೆಯ ಮೇಲೆ ಸುತ್ತಿಗೆಯಿಂದ ಹೊಡೆದರೆ ಮರೆ ಹಾಳಾಗುತ್ತದೆ.

5. ಸ್ಟ್ರಟ್ ಮತ್ತು ನಕಲ್ ಕೂಡುವ ಬೋಲ್ಟುಗಳ ಸ್ಥಾನವನ್ನು ಗುರುತು ಮಾಡಿ ಬಿಚ್ಚಲಾಗುತ್ತದೆ. ಕೆಲವು ಕಾರುಗಳಲ್ಲಿ ಚಕ್ರದ ಓರೆಯನ್ನು ಸರಿಪಡಿಸುವ ಅವಕಾಶ ಈ ಬೋಲ್ಟುಗಳಲ್ಲೇ ಇರುತ್ತದೆ. ಬಳಿಕ ಡ್ರೈವ್ ಶಾಫ್ಟನ್ನು ಹಿಂದಕ್ಕೆ ಸರಿಸಿ ನಕಲನ್ನು ಹೊರತೆಗೆಯಲಾಗುತ್ತದೆ.

6. ಪ್ರೆಸ್‌ನಲ್ಲಿ ಹಬ್ಬನ್ನು ಹೊರದೂಡಿ, ಸರ್ಕ್ಲಿಪ್ ತೆಗೆದು, ಹಳೆಯ ಬೇರಿಂಗನ್ನು ಹೊರಹಾಕಲಾಗುತ್ತದೆ. ಹೊಸ ಬೇರಿಂಗನ್ನು ನಕಲಿಗೆ ಸೇರಿಸುವಾಗ ಅದರ ಹೊರಬಳೆಯನ್ನು ಮಾತ್ರ ಒತ್ತಬೇಕು. ಹಬ್ಬನ್ನು ಸೇರಿಸುವಾಗ ಬೇರಿಂಗ್‌ನ ಒಳಬಳೆಗೆ ಆಧಾರ ಕೊಡಬೇಕು. ಈ ನಿಯಮ ತಪ್ಪಿದರೆ ಒತ್ತಡವು ಗುಂಡುಗಳ ಮೂಲಕ ಹಾದು, ಓಡುದಾರಿಯಲ್ಲಿ ಸಣ್ಣ ಕುಳಿಗಳು ಬೀಳುತ್ತವೆ. ಅಂತಹ ಬೇರಿಂಗ್ ಹೊಸದಾಗಿದ್ದರೂ ಕೆಲವೇ ದಿನಗಳಲ್ಲಿ ಸದ್ದು ಮಾಡತೊಡಗುತ್ತದೆ.

7. ಮರುಜೋಡಣೆಯಲ್ಲಿ ಶಾಫ್ಟಿಗೆ ಹೊಸ ನಟ್ಟನ್ನು ಹಾಕಿ, ತಯಾರಕರು ಸೂಚಿಸಿದ ಬಿಗಿತಕ್ಕೆ ತಿರುಗಿಸಿ, ಮಾದರಿಗೆ ಅನುಗುಣವಾಗಿ ಅದರ ಅಂಚನ್ನು ಶಾಫ್ಟಿನ ಗಾಡಿಗೆ ಬಡಿದು ಮಡಚಲಾಗುತ್ತದೆ ಅಥವಾ ಸ್ಪ್ಲಿಟ್ ಪಿನ್ ಹಾಕಲಾಗುತ್ತದೆ. ಈ ನಟ್ಟು ಸಡಿಲವಾಗಿದ್ದರೆ ಬೇರಿಂಗ್‌ನ ಎರಡು ಒಳಬಳೆಗಳು ಕೂಡಿಕೊಳ್ಳದೆ ಬೇಗನೆ ಸವೆಯುತ್ತವೆ.

ಮಾದರಿಗಳ ನಡುವೆ ಅದಲುಬದಲು

ಒಂದೇ ಕಂಪನಿಯ ಎರಡು ಕಾರುಗಳ ಭಾಗಗಳು ನೋಟದಲ್ಲಿ ಹೋಲುವುದು ಅವು ಪರಸ್ಪರ ಹೊಂದುತ್ತವೆ ಎಂಬುದಕ್ಕೆ ಪುರಾವೆಯಲ್ಲ. ಮಾರುತಿ 800 ಮತ್ತು ಓಮ್ನಿ ಇದಕ್ಕೆ ಸ್ಪಷ್ಟ ನಿದರ್ಶನ. ಎರಡರಲ್ಲಿಯೂ 796 ಸಿ.ಸಿ. ಎಂಜಿನ್ ಇದ್ದಿತು, ಆದರೆ ಓಮ್ನಿಯು ಹಿಂಚಕ್ರ ಚಾಲನೆಯ ವಾಹನ. ಅದರ ಮುಂದಿನ ನಕಲಿನ ಮೂಲಕ ಡ್ರೈವ್ ಶಾಫ್ಟ್ ಹಾಯಬೇಕಾಗಿಲ್ಲ. ಬೆಂಗಳೂರಿನಲ್ಲಿ 2001ರಿಂದ ತಯಾರಾದ ರೇವಾ ವಿದ್ಯುತ್ ಕಾರು ಮತ್ತು 2009ರಲ್ಲಿ ಬಂದ ಟಾಟಾ ನ್ಯಾನೊ ಸಹ ಹಿಂಚಕ್ರ ಚಾಲನೆಯವೇ. ನ್ಯಾನೊ ಕಾರಿನ ಚಕ್ರಕ್ಕೆ ಮೂರೇ ನಟ್ಟುಗಳಿರುವುದರಿಂದ ಬಹುತೇಕ ಇತರ ಕಾರುಗಳ ಚಕ್ರಗಳು ಅದಕ್ಕೆ ಕೂರುವುದಿಲ್ಲ.

ಬೇರೆ ಮಾದರಿಯ ನಕಲ್ ಅಥವಾ ಹಬ್ ಹೊಂದುತ್ತದೆಯೇ ಎಂದು ತಿಳಿಯಲು ಈ ಅಂಶಗಳನ್ನು ಅಳೆದು ನೋಡಲಾಗುತ್ತದೆ.

ಶಾಫ್ಟಿನ ಹಲ್ಲುಗಳು: ಹಬ್‌ನೊಳಗಿನ ಹಲ್ಲುಗಳ ಸಂಖ್ಯೆ ಮತ್ತು ವ್ಯಾಸ ಡ್ರೈವ್ ಶಾಫ್ಟಿಗೆ ಸರಿಹೊಂದಬೇಕು.

ಬಾಲ್ ಜಾಯಿಂಟ್‌ನ ಮೊನೆ: ಮೊನೆಯ ವ್ಯಾಸ ಮತ್ತು ಕಿರಿದಾಗುವ ಕೋನ ತೂತಿಗೆ ಪೂರ್ಣವಾಗಿ ಕೂಡಬೇಕು. ಕೋನದಲ್ಲಿ ವ್ಯತ್ಯಾಸವಿದ್ದರೆ ನಟ್ಟು ಬಿಗಿಯಾದಂತೆ ಕಂಡರೂ ಮೊನೆಯು ಒಂದು ಅಂಚಿನಲ್ಲಿ ಮಾತ್ರ ತಾಗಿ, ಬಳಲಿ ಮುರಿಯುತ್ತದೆ.

ಸ್ಟಿಯರಿಂಗ್ ತೋಳಿನ ಉದ್ದ: ರ‍್ಯಾಕ್ ಒಂದು ಬದಿಗೆ 60 ಮಿ.ಮೀ. ಚಲಿಸುವುದೆಂದು ಭಾವಿಸಿದರೆ, ಸರಳ ಲೆಕ್ಕದಂತೆ 120 ಮಿ.ಮೀ. ತೋಳಿನ ಚಕ್ರವು 30 ಡಿಗ್ರಿ ತಿರುಗುತ್ತದೆ, 110 ಮಿ.ಮೀ. ತೋಳಿನ ಚಕ್ರವು ಸುಮಾರು 33 ಡಿಗ್ರಿ ತಿರುಗುತ್ತದೆ. ಎಡಕ್ಕೊಂದು, ಬಲಕ್ಕೊಂದು ಬಗೆಯ ನಕಲ್ ಹಾಕಿದ ಕಾರು ನೇರ ರಸ್ತೆಯಲ್ಲಿ ಸರಿಯಾಗಿ ಓಡಿದರೂ ತಿರುವಿನಲ್ಲಿ ಟೈರುಗಳು ಪರಸ್ಪರ ಎಳೆದಾಡುತ್ತವೆ.

ತೋಳಿನ ಎತ್ತರ: ಟೈ ರಾಡ್ ಕೂಡುವ ಬಿಂದು ಮೇಲೆ ಅಥವಾ ಕೆಳಗೆ ಸರಿದರೆ, ಚಕ್ರವು ಗುಂಡಿಗೆ ಬಿದ್ದು ಎದ್ದಾಗ ಚಾಲಕನು ತಿರುಗಿಸದಿದ್ದರೂ ತಾನಾಗಿ ಎಡಬಲಕ್ಕೆ ಹೊರಳುತ್ತದೆ. ರಸ್ತೆಯುಬ್ಬುಗಳು ಹೆಚ್ಚಿರುವ ದಾರಿಯಲ್ಲಿ ಈ ದೋಷ ಬೇಗ ಅನುಭವಕ್ಕೆ ಬರುತ್ತದೆ.

ಚಕ್ರದ ಬೋಲ್ಟು ವೃತ್ತ: ನಾಲ್ಕು ನಟ್ಟುಗಳ ಸಣ್ಣ ಕಾರುಗಳಲ್ಲಿ ಈ ವೃತ್ತದ ವ್ಯಾಸ 98, 100 ಅಥವಾ 114.3 ಮಿ.ಮೀ. ಇರುವುದು ಸಾಮಾನ್ಯ. 100 ಮತ್ತು 114.3ರ ನಡುವಿನ ವ್ಯತ್ಯಾಸ ಕಣ್ಣಿಗೆ ಕಾಣುವುದರಿಂದ ತಪ್ಪು ಘಟಿಸುವುದು ಅಪರೂಪ. 98ರ ಹಬ್‌ಗೆ 100ರ ಚಕ್ರವನ್ನು ಬಲವಂತವಾಗಿ ಕೂರಿಸಲು ಸಾಧ್ಯವಾಗುವುದರಿಂದ ಅದೇ ಹೆಚ್ಚು ಅಪಾಯಕಾರಿ. ಪ್ರತಿ ಬೋಲ್ಟು 1 ಮಿ.ಮೀ. ಓರೆಯಾಗಿ ಬಾಗಿ, ನಟ್ಟುಗಳು ಓಟದಲ್ಲಿ ಸಡಿಲಗೊಳ್ಳುತ್ತವೆ.

ವೇಗ ಸಂವೇದಕ: ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಬ್ರೇಕ್ ಕಡ್ಡಾಯವಾಯಿತು. ಇಂತಹ ಕಾರುಗಳ ಹಬ್ ಅಥವಾ ಬೇರಿಂಗ್‌ನಲ್ಲಿ ಚಕ್ರದ ವೇಗವನ್ನು ಸೂಚಿಸುವ ಹಲ್ಲಿನ ಬಳೆ ಅಥವಾ ಕಾಂತೀಯ ಬಳೆ ಇರುತ್ತದೆ. ಕಾಂತೀಯ ಬಳೆಯಿರುವ ಬೇರಿಂಗನ್ನು ತಿರುಗಾಮುರುಗಾ ಕೂರಿಸಿದರೆ ಸಂವೇದಕಕ್ಕೆ ಸಂಕೇತ ದೊರೆಯದೆ ಎಬಿಎಸ್ ಕೆಲಸ ಮಾಡುವುದಿಲ್ಲ.

ಡ್ರಮ್ ಬ್ರೇಕಿನ ಕಾರಿಗೆ ಡಿಸ್ಕ್ ಬ್ರೇಕಿನ ನಕಲನ್ನು ಹಾಕುವುದು ಹಲವು ದೇಶಗಳ ಹಳೆಯ ಕಾರುಪ್ರಿಯರಲ್ಲಿ ಜನಪ್ರಿಯ. ಇಂತಹ ಬದಲಾವಣೆಯಲ್ಲಿ ಮಾಸ್ಟರ್ ಸಿಲಿಂಡರ್ ಮತ್ತು ಮುಂದೆ-ಹಿಂದೆ ಬ್ರೇಕ್ ಬಲದ ಹಂಚಿಕೆಯನ್ನೂ ಮಾರ್ಪಡಿಸಬೇಕಾಗುತ್ತದೆ. ಇಲ್ಲವಾದರೆ ಒಂದು ಜೋಡಿ ಚಕ್ರ ಮೊದಲೇ ಬಿಗಿದು ಜಾರುತ್ತದೆ.

ಬಳಸಿದ ಭಾಗಗಳು

ಬೆಂಗಳೂರಿನ ಜೆ.ಸಿ. ರಸ್ತೆಯು ವಾಹನಗಳ ಬಿಡಿಭಾಗಗಳಿಗೂ, ಶಿವಾಜಿನಗರವು ಗುಜರಿ ಅಂಗಡಿಗಳಿಗೂ ಹೆಸರಾಗಿವೆ. ತಯಾರಿಕೆ ನಿಂತ ಮಾದರಿಗಳ ಮಾಲೀಕರು ಬಳಸಿದ ನಕಲನ್ನು ಅರಸಿಕೊಂಡು ಇಂತಹ ಮಾರುಕಟ್ಟೆಗಳಿಗೆ ಹೋಗುವುದು ಸಹಜ. ಗುಜರಿಗೆ ಬಂದ ಕಾರುಗಳಲ್ಲಿ ಅಪಘಾತಕ್ಕೆ ಒಳಗಾದವೂ ಇರುತ್ತವೆಯಾದ್ದರಿಂದ ನಕಲ್ ಬಾಗಿರುವ ಸಾಧ್ಯತೆಯನ್ನು ಅಲ್ಲಗಳೆಯುವಂತಿಲ್ಲ. ಹಳೆಯ ಮತ್ತು ಬದಲಿ ನಕಲ್‌ಗಳನ್ನು ಸಮತಲದ ಮೇಲೆ ಅಕ್ಕಪಕ್ಕ ಇಟ್ಟು, ರಂಧ್ರಗಳ ನಡುವಿನ ಅಂತರಗಳನ್ನು ಕ್ಯಾಲಿಪರ್ ಮಾಪಕದಿಂದ ಹೋಲಿಸುವುದು ಸರಳ ಪರೀಕ್ಷೆ. ಬೇರಿಂಗ್ ಕೂರುವ ರಂಧ್ರವನ್ನು ಹಲವು ದಿಕ್ಕುಗಳಲ್ಲಿ ಅಳೆದು, ಅದು ದುಂಡಗಿದೆಯೇ ಎಂದು ನೋಡಬೇಕು.

ರಂಧ್ರವು ಸವೆದು ಬೇರಿಂಗ್ ಸಡಿಲವಾಗಿ ಕೂತಾಗ, ರಂಧ್ರದ ಒಳಗೋಡೆಗೆ ಪಂಚ್‌ನಿಂದ ಚುಕ್ಕಿ ಹೊಡೆದು ಬಿಗಿ ಮಾಡುವ ಪದ್ಧತಿ ಕೆಲವೆಡೆ ಇದೆ. ಚುಕ್ಕಿಗಳ ಸುತ್ತ ಉಬ್ಬಿದ ಲೋಹದ ಮೊನೆಗಳು ಆರಂಭದಲ್ಲಿ ಬೇರಿಂಗನ್ನು ಹಿಡಿದರೂ, ಸುತ್ತಲೂ ಸಮನಾದ ಆಧಾರವಿಲ್ಲದ ಕಾರಣ ಬೇರಿಂಗ್‌ನ ಹೊರಬಳೆ ವಿರೂಪಗೊಳ್ಳುತ್ತದೆ. ಮೊನೆಗಳು ಕ್ರಮೇಣ ಮಣಿದು ಸಡಿಲವು ಮರಳುತ್ತದೆ. ಬಿರುಕು ಬಿಟ್ಟ ಎರಕದ ನಕಲಿಗೆ ವೆಲ್ಡಿಂಗ್ ಮಾಡುವುದು ಇನ್ನೂ ಅಪಾಯಕರ. ವೆಲ್ಡಿಂಗ್‌ನ ಶಾಖ ಮತ್ತು ತ್ವರಿತ ತಂಪಿನಿಂದ ಬೆಸುಗೆಯ ಪಕ್ಕದ ಕಬ್ಬಿಣವು ಗಡುಸಾಗಿ, ಗಾಜಿನಂತೆ ಮುನ್ಸೂಚನೆಯಿಲ್ಲದೆ ಒಡೆಯಬಲ್ಲದು. ಆದುದರಿಂದ ಬಾಗಿದ, ಬಿರುಕು ಬಿಟ್ಟ ಅಥವಾ ರಂಧ್ರ ಸವೆದ ನಕಲನ್ನು ದುರಸ್ತಿ ಮಾಡದೆ ಬದಲಿಸುವುದೇ ಅಂಗೀಕೃತ ಕ್ರಮ.

ಚಕ್ರಗಳ ಜೋಡಣೆಯ ಪರೀಕ್ಷೆ

ನಕಲ್ ಅಥವಾ ಟೈ ರಾಡ್ ಎಂಡ್ ಬದಲಿಸಿದ ನಂತರ ವೀಲ್ ಅಲೈನ್‌ಮೆಂಟ್ ಮಾಡಿಸುವುದು ಅವಶ್ಯಕ. ಮುಂದಿನಿಂದ ನೋಡಿದಾಗ ಚಕ್ರವು ಒಳಗೆ ಅಥವಾ ಹೊರಗೆ ವಾಲಿರುವುದನ್ನು ಕ್ಯಾಂಬರ್ ಎಂದೂ, ಮೇಲಿನಿಂದ ನೋಡಿದಾಗ ಚಕ್ರಗಳ ಮುಂದಂಚುಗಳು ಪರಸ್ಪರ ಸಮೀಪಿಸುವುದನ್ನು ಅಥವಾ ದೂರ ಸರಿಯುವುದನ್ನು ಟೋ ಎಂದೂ, ಪಕ್ಕದಿಂದ ನೋಡಿದಾಗ ಸ್ಟಿಯರಿಂಗ್ ತಿರುಗುವ ಅಕ್ಷದ ಓರೆಯನ್ನು ಕ್ಯಾಸ್ಟರ್ ಎಂದೂ ಕರೆಯಲಾಗುತ್ತದೆ.

ಟೈ ರಾಡ್ ಎಂಡ್ ಬಿಚ್ಚುವಾಗ ಎಷ್ಟು ಸುತ್ತು ತಿರುಗಿತೆಂದು ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಹಾಕುವುದು ರೂಢಿ. ಇದು ಅಲೈನ್‌ಮೆಂಟ್ ಕೇಂದ್ರದವರೆಗೆ ನಿಧಾನವಾಗಿ ಸಾಗಲು ಸಾಕಾಗುತ್ತದೆಯೇ ಹೊರತು ಅಂತಿಮ ಹೊಂದಾಣಿಕೆಯಲ್ಲ. ಮರೆಯ ಅಂತರ 1.5 ಮಿ.ಮೀ., ತೋಳಿನ ಉದ್ದ 120 ಮಿ.ಮೀ. ಎಂದಿಟ್ಟುಕೊಂಡರೆ ಒಂದೇ ಸುತ್ತಿನ ತಪ್ಪಿನಿಂದ ಚಕ್ರದ ದಿಕ್ಕು ಸುಮಾರು 0.7 ಡಿಗ್ರಿ ಬದಲಾಗುತ್ತದೆ. ಆ ವ್ಯತ್ಯಾಸವೆಲ್ಲ ಒಂದೇ ಟೈರಿನ ಮೇಲೆ ಬಿದ್ದರೆ, ಅದು ಪ್ರತಿ ಕಿಲೋಮೀಟರಿಗೆ ಸುಮಾರು 12 ಮೀಟರಿನಷ್ಟು ಅಡ್ಡಲಾಗಿ ಉಜ್ಜಿದಂತಾಗುತ್ತದೆ. ಹೊಸ ಟೈರುಗಳ ಅಂಚು ಅಕಾಲದಲ್ಲಿ ಸವೆಯಲು ಇದೊಂದು ಪ್ರಮುಖ ಕಾರಣ.

ಅಲೈನ್‌ಮೆಂಟ್ ಯಂತ್ರವು ತೋರಿಸುವ ಅಂಕಿಗಳಲ್ಲಿ ಎಡಬಲಗಳ ನಡುವೆ ಸರಿಪಡಿಸಲಾಗದ ವ್ಯತ್ಯಾಸ ಉಳಿದರೆ, ಹಾಕಿದ ನಕಲ್ ಅಥವಾ ಅದರ ಸುತ್ತಲಿನ ಭಾಗವು ಬಾಗಿದೆ ಎಂದೇ ತಿಳಿಯಬೇಕು. ಚಕ್ರದ ನಟ್ಟುಗಳನ್ನು ಸುಮಾರು 50ರಿಂದ 100 ಕಿ.ಮೀ. ಓಡಿದ ನಂತರ ಮತ್ತೊಮ್ಮೆ ಬಿಗಿತ ಪರೀಕ್ಷಿಸುವುದು ಉತ್ತಮ ಅಭ್ಯಾಸವೆಂದು ಪರಿಗಣಿಸಲಾಗಿದೆ.

ಕಾನೂನು

ಮೋಟಾರು ವಾಹನಗಳ ಅಧಿನಿಯಮ, 1988ರ 52ನೆಯ ಪ್ರಕರಣದ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದು ನಿಷಿದ್ಧ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದ ಪ್ರಕರಣವೊಂದರಲ್ಲಿ ಈ ನಿಯಮವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಪ್ರಕರಣವು, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡುತ್ತದೆ. ಸವೆದ ಭಾಗದ ಸ್ಥಾನದಲ್ಲಿ ಅದೇ ವಿವರಗಳ ಭಾಗವನ್ನು ಹಾಕುವುದು ದುರಸ್ತಿಯೆನಿಸುತ್ತದೆಯೇ ಹೊರತು ಮಾರ್ಪಾಡು ಎನಿಸುವುದಿಲ್ಲ.

ಖಾಸಗಿ ಕಾರಿನ ನೋಂದಣಿಯ ಅವಧಿ 15 ವರ್ಷ. ಬಳಿಕ ವಾಹನವು ಯೋಗ್ಯತಾ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ನೋಂದಣಿಯನ್ನು ಐದೈದು ವರ್ಷಗಳಿಗೆ ನವೀಕರಿಸಬಹುದು. ಕೋಲಾರ ಜಿಲ್ಲೆಯಲ್ಲಿ ಕೆಎ-07 ಸಂಖ್ಯೆಯ ಕೋಲಾರ ಮತ್ತು ಕೆಎ-08 ಸಂಖ್ಯೆಯ ಕೆಜಿಎಫ್ ಪ್ರಾದೇಶಿಕ ಸಾರಿಗೆ ಕಚೇರಿಗಳಿವೆ. 2014ರಲ್ಲಿ ತಯಾರಿಕೆ ನಿಂತ ಮಾರುತಿ 800ರ ಹಳೆಯ ಕಾರುಗಳು ಈಗಾಗಲೇ ಈ ಹಂತವನ್ನು ತಲುಪಿವೆ. ಸ್ಟಿಯರಿಂಗ್ ಮತ್ತು ಬ್ರೇಕ್‌ಗಳ ಸ್ಥಿತಿಯು ಯೋಗ್ಯತಾ ಪರೀಕ್ಷೆಯ ಪ್ರಮುಖ ಅಂಶವಾಗಿರುವುದರಿಂದ, ಇಂತಹ ಕಾರುಗಳು ರಸ್ತೆಯಲ್ಲಿ ಮುಂದುವರಿಯುವಲ್ಲಿ ನಕಲ್ ಮತ್ತು ಹಬ್‌ಗಳ ಸುಸ್ಥಿತಿಗೆ ನೇರ ಪಾತ್ರವಿದೆ.